ಕಪ್ಪು ಪರದೆಗೆ ಅತ್ತೆಯ ಆಕ್ಷೇಪಣೆ

ನನ್ನ ಸೋದರತ್ತೆ ಕೆಲಸದಲ್ಲಿದ್ದಷ್ಟು ಕಾಲವೂ ಲೆಕ್ಕಪರಿಶೋಧಕರು. ಅಂದರೆ ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದಕ್ಕೆ ಸಂಬಳ ತೆಗೆದುಕೊಳ್ಳುತ್ತಿದ್ದವರು. ಎಷ್ಟೋ ಜನ ಈ ಕೆಲಸವನ್ನು ಪುಕ್ಕಟೆ ಮಾಡುತ್ತಾರೆ. ಅತ್ತೆಗೆ ಹವ್ಯಾಸವೂ ಹೊಟ್ಟೆಪಾಡೂ ಒಂದೇ ಆಗಿತ್ತು. ಅವರು ಒಂದು ಕಚೇರಿಗೆ ಬರುತ್ತಾರೆಂದರೆ ಅಲ್ಲಿನ ಗುಮಾಸ್ತರು ಹಿಂದಿನ ದಿನವೇ ಕಡತಗಳ ಧೂಳು ಹೊಡೆದು, ಮುಖದ ಮೇಲಿನ ನಗುವನ್ನೂ ಒರೆಸಿ ಇಟ್ಟುಕೊಳ್ಳುತ್ತಿದ್ದರಂತೆ. ಅತ್ತೆ ಯಾರು ಕೊಟ್ಟ ಕಾಫಿಯನ್ನೂ ಮುಟ್ಟುತ್ತಿರಲಿಲ್ಲ. ಸಂಜೆ ಎದ್ದು ಹೋಗುವಾಗ ಮೇಜಿನ ಮೇಲೆ ಆಕ್ಷೇಪಣೆಗಳ ಒಂದು ಕಟ್ಟು ಬಿಟ್ಟು ಹೋಗುತ್ತಿದ್ದರು. ಇದಕ್ಕೆ ಸಮಜಾಯಿಷಿ ನೀಡತಕ್ಕದ್ದು, ಅದನ್ನು ಸರಿಪಡಿಸತಕ್ಕದ್ದು, ಮತ್ತೊಂದು ಮರುಕಳಿಸದಂತೆ ನೋಡಿಕೊಳ್ಳತಕ್ಕದ್ದು.

ಸರಿಪಡಿಸಿದವರು ಒಬ್ಬರೂ ಇಲ್ಲ. ಅತ್ತೆ ಇದನ್ನು ಬಾಯಿಬಿಟ್ಟು ಹೇಳಿದವರಲ್ಲ, ಆದರೆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎಲ್ಲ ಆಕ್ಷೇಪಣೆಗೂ ‘ಗಮನಿಸಲಾಗಿದೆ’ ಎಂಬ ಒಂದೇ ಪದದ ಉತ್ತರ ಬರುತ್ತಿತ್ತು. ಮರುವರ್ಷ ಹೋಗಿ ನೋಡಿದರೆ ಅದೇ ತಪ್ಪು ಅದೇ ಜಾಗದಲ್ಲಿ ಕಾಲು ಚಾಚಿಕೊಂಡು ಮಲಗಿರುತ್ತಿತ್ತು.

ನಿವೃತ್ತಿಯಾದ ಮೇಲೆ ಆಕ್ಷೇಪಣೆಗಳೆಲ್ಲ ಮಾವನ ಕಡೆ ತಿರುಗಿದವು. ಮಾವ ಶಾಲೆಯಲ್ಲಿ ಡ್ರಿಲ್ ಮಾಸ್ತರಾಗಿದ್ದವರು. ಒಂದು ಸೀಟಿ ಊದಿ ಮೈದಾನದ ತುಂಬ ಮಕ್ಕಳನ್ನು ನಿಂತಲ್ಲೇ ನಿಲ್ಲಿಸುತ್ತಿದ್ದ ಮನುಷ್ಯ, ಮನೆಯಲ್ಲಿ ಕೆಮ್ಮುವುದಕ್ಕೂ ಹೊತ್ತು ಗೊತ್ತು ನೋಡುತ್ತಿದ್ದರು. ಚಪ್ಪಲಿ ಬಿಟ್ಟ ಕೋನ ಸರಿಯಿಲ್ಲ, ಪೇಪರು ಮಡಚಿದ ರೀತಿ ಸರಿಯಿಲ್ಲ, ನಲ್ಲಿ ತಿರುಗಿಸುವುದಕ್ಕೆ ಬಳಸಿದ ಕೈ ಸರಿಯಿಲ್ಲ. ಅದೇ ಕಟ್ಟಡದಲ್ಲಿ ಎರಡು ಮಹಡಿ ಕೆಳಗಿರುವ ನಮ್ಮ ಮನೆಗೆ ಮಾವ ದಿನಾ ಬಂದು, ಸೋಫಾದ ಮೇಲೆ ಸುಮ್ಮನೆ ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದರು. ಉಸಿರಾಡಿಕೊಂಡು ಹೋಗುತ್ತಿದ್ದರು.

ಅವರನ್ನು ಕಾಪಾಡಿದ್ದು ಒಂದು ಕಂಪ್ಯೂಟರ್ ಸಂದೇಶ. ಒಂದು ದಿನ ಅತ್ತೆಯ ಹಳೆಯ ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ‘ನಿಮ್ಮ ತಂತ್ರಾಂಶದ ಪ್ರತಿ ಅಧಿಕೃತವಲ್ಲದೆ ಇರಬಹುದು’ ಎಂದು ಬಂತು. ಬದುಕಿಡೀ ಊರವರ ರಸೀದಿಗಳನ್ನು ಅಧಿಕೃತವೋ ಅಲ್ಲವೋ ಎಂದು ತೀರ್ಮಾನಿಸಿದವರಿಗೆ ಒಂದು ಯಂತ್ರ ಹೀಗೆ ಕೇಳಿದರೆ ಹೇಗಾಗಬೇಡ? ಅತ್ತೆ ಕೆಂಡವಾದರು. ಹಣ ಕೊಟ್ಟು ಕೊಂಡದ್ದರ ರಸೀದಿ ಹುಡುಕಿ ತೆಗೆದು ಪರದೆಯ ಮುಂದೆ ಹಿಡಿದರಂತೆ. ಪರದೆ ನೋಡಲಿಲ್ಲ. ಅವತ್ತೇ ಅವರು ಲಿನಕ್ಸ್ ಎಂಬ, ಕಂಪ್ಯೂಟರ್ ನಡೆಸುವ ಪುಕ್ಕಟೆ ತಂತ್ರಾಂಶದ ಕಡೆ ಹೊರಳಿದರು. ಅದರಲ್ಲಿ ಪರವಾನಗಿಯ ಕಾಟವಿಲ್ಲ ಅನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಅದರ ಒಳಗಿನ ಬರವಣಿಗೆಯನ್ನೆಲ್ಲ ಯಾರು ಬೇಕಾದರೂ ತೆರೆದು ಓದಬಹುದು ಅನ್ನುವುದು.

“ಎಲ್ಲಾ ಬೀರುಗಳೂ ತೆರೆದೇ ಇರೋ ಕಚೇರಿ ಕಣೆ ಅದು,” ಎಂದು ನನಗೆ ಹೇಳಿದರು. ಅವರ ಮುಖದಲ್ಲಿ ಅಂಥ ಬೆಳಕನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಹೊಸ ಲ್ಯಾಪ್‌ಟಾಪ್ ಬಂತು, ಲಿನಕ್ಸ್ ಕೂತಿತು, ಅತ್ತೆ ಪ್ರಚಾರಕ್ಕೆ ಹೊರಟರು. ಮೊದಲು ಬಲಿಯಾದದ್ದು ನನ್ನ ಲ್ಯಾಪ್‌ಟಾಪು. ನಾನು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಅದು ಮತಾಂತರ ಹೊಂದಿತ್ತು. ಅವತ್ತಿನಿಂದ ನನ್ನ ಪ್ರಿಂಟರ್ ಮೌನವ್ರತದಲ್ಲಿದೆ. ಲಿಫ್ಟಿನಲ್ಲಿ ಸಿಕ್ಕವರಿಗೆ, ಮೆಟ್ಟಿಲಲ್ಲಿ ತಪ್ಪಿಸಿಕೊಂಡು ಹೋಗುತ್ತಿದ್ದವರಿಗೆ, ಕೊನೆಗೆ ಗ್ಯಾಸ್ ಸಿಲಿಂಡರ್ ಹೊತ್ತು ತಂದವನಿಗೂ ಅತ್ತೆ ಒಂದೇ ಮಾತು ಹೇಳುತ್ತಿದ್ದರು: “ಇದು ಕೈಕೊಡೋದೇ ಇಲ್ಲ. ವೈರಸ್ ಇಲ್ಲ, ಹ್ಯಾಂಗ್ ಆಗಲ್ಲ, ಅಪ್ಪಣೆ ಕೇಳದೆ ಏನೂ ಮಾಡಲ್ಲ.” ಆಮೇಲಾಮೇಲೆ ಜನ ಲಿಫ್ಟ್ ಕೆಟ್ಟಾಗ ಸಮಾಧಾನಪಡುವಷ್ಟಾಯಿತು.

ಅಷ್ಟರಲ್ಲಿ ಅತ್ತೆಯ ಕಣ್ಣು ಸ್ವಲ್ಪ ಮಂಜಾಯಿತು. ಚಿಕ್ಕ ಅಕ್ಷರ ಓದಬೇಡಿ, ದೊಡ್ಡ ಪರದೆ ಇಟ್ಟುಕೊಳ್ಳಿ ಎಂದು ಕಣ್ಣಿನ ಡಾಕ್ಟರು ಹೇಳಿದರು. ಹೀಗೆ ಮನೆಗೆ ಒಂದು ದೊಡ್ಡ ಮಾನಿಟರ್ ಬಂತು. ಊಟದ ಮೇಜಿನ ಅರ್ಧವನ್ನು ಅದಕ್ಕೆ ಬಿಟ್ಟುಕೊಟ್ಟರು. ಮಾವನ ತಟ್ಟೆ ಮೂಲೆಗೆ ಸರಿಯಿತು. ಮಾವ ಕೇಬಲ್ಲಿನ ಒಂದು ತುದಿಯನ್ನು ಮಾನಿಟರಿಗೂ ಇನ್ನೊಂದನ್ನು ಲ್ಯಾಪ್‌ಟಾಪಿಗೂ ಸಿಕ್ಕಿಸಿ, ಫುಟ್‌ಬಾಲ್ ಪಂದ್ಯ ಶುರುವಾಗುವುದನ್ನು ಕಾಯುವವರಂತೆ ಕೈಕಟ್ಟಿ ನಿಂತರು.

ದೊಡ್ಡ ಪರದೆ ಒಮ್ಮೆ ಕಣ್ಣು ಮಿಟುಕಿಸಿತು. ಆಮೇಲೆ ಎರಡು ಪರದೆಗಳೂ ಒಟ್ಟಿಗೇ ಕಪ್ಪಾದವು. ಲ್ಯಾಪ್‌ಟಾಪಿನ ಒಳಗಿನ ಫ್ಯಾನು ಹೋ ಎಂದು ತಿರುಗಿತು. ಸ್ವಲ್ಪ ಹೊತ್ತಾದ ಮೇಲೆ ಲ್ಯಾಪ್‌ಟಾಪು, ಏನೂ ಆಗೇ ಇಲ್ಲವೆಂಬಂತೆ, ಅತ್ತೆಯ ಪಾಸ್‌ವರ್ಡ್ ಕೇಳಿತು. ತೆರೆದಿಟ್ಟಿದ್ದ ಕೆಲಸವೆಲ್ಲ ಮಾಯವಾಗಿತ್ತು.

ಅತ್ತೆ ಪಾಸ್‌ವರ್ಡ್ ಕೊಟ್ಟರು. ಮತ್ತೆ ಕಪ್ಪು. ಕೇಬಲ್ ಕಿತ್ತರು, ಎಲ್ಲ ಸರಿ. ಸಿಕ್ಕಿಸಿದರು, ಕಪ್ಪು. ಬೇರೆ ಕೇಬಲ್ ತಂದರು, ಅದೂ ಕಪ್ಪು. ಎದುರು ಮನೆಯವರಿಂದ ಅವರ ಮಾನಿಟರನ್ನೇ ಎರವಲು ತಂದು ನೋಡಿದರು; ಅದರಲ್ಲೂ ಅದೇ ಕಥೆ, ಕಪ್ಪು ಸ್ವಲ್ಪ ಚಿಕ್ಕದು ಅಷ್ಟೆ. ಆಮೇಲೆ ಒಂದು ವಾರ ಕೂತು, ಲ್ಯಾಪ್‌ಟಾಪು ತನ್ನ ಹೊಟ್ಟೆಯೊಳಗಿನ ಆಗುಹೋಗುಗಳನ್ನು ಬರೆದಿಡುವ ಲಾಗನ್ನು ಸಾಲು ಬಿಡದೆ ಓದಿದರು. ಅದರಲ್ಲಿ ಸಾವಿರಾರು ಎಚ್ಚರಿಕೆಗಳಿದ್ದವು. ಒಂದೊಂದನ್ನೂ ಹಿಡಿದು ವಿಚಾರಿಸಿದರೆ, ಅದರಿಂದ ತೊಂದರೆಯೇನಿಲ್ಲ, ಹಾಗೇ ಬರುತ್ತಿರುತ್ತದೆ ಎಂಬ ಉತ್ತರ ಇಂಟರ್‌ನೆಟ್ಟಿನಲ್ಲಿ ಸಿಗುತ್ತಿತ್ತು. ಎಲ್ಲವನ್ನೂ ಒಪ್ಪಿಕೊಂಡು ಯಾವುದಕ್ಕೂ ಹೊಣೆಯಾಗದ ಇಂಥ ಗುಮಾಸ್ತನನ್ನು ಅತ್ತೆ ಕೆಲಸದಲ್ಲಿದ್ದಾಗಲೂ ಕಂಡಿರಲಿಲ್ಲ.

ಕೊನೆಗೆ ಗೊತ್ತಾದದ್ದು ಇಷ್ಟು. ಆ ಲ್ಯಾಪ್‌ಟಾಪಿನಲ್ಲಿ ಚಿತ್ರ ಬಿಡಿಸುವ ಚಿಪ್ಪುಗಳು ಎರಡು. ಚಿಕ್ಕದು ದಿನನಿತ್ಯದ ಕೆಲಸಕ್ಕೆ. ದೊಡ್ಡದು ಭಾರೀ ಕೆಲಸಕ್ಕೆ. ಕೆಲಸವಿಲ್ಲದಾಗ ವಿದ್ಯುತ್ ಉಳಿಸಲು ಮಲಗಿರುತ್ತದೆ. ಹೊರಗಿನ ಮಾನಿಟರಿನ ಕೇಬಲ್ ಹೋಗುವುದು ಈ ದೊಡ್ಡದಕ್ಕೆ. ಕೇಬಲ್ ಸಿಕ್ಕಿಸಿದಾಗ ಅದನ್ನು ಎಬ್ಬಿಸಬೇಕಾದದ್ದು ಡ್ರೈವರ್ ಎಂಬ ತಂತ್ರಾಂಶದ ಕೆಲಸ. ಎಬ್ಬಿಸಲು ಹೋಗಿ ಡ್ರೈವರೇ ಮುಗ್ಗರಿಸಿ ಬೀಳುತ್ತಿತ್ತು. ಹಳೆಯ ಆವೃತ್ತಿ ಹಾಕಿ ನೋಡಿದರೆ ಬೀಳುತ್ತಿರಲಿಲ್ಲ.

“ಡ್ರೈವರ್ ಬಿದ್ದುಹೋಗ್ತಿದೆ,” ಎಂದು ಅತ್ತೆ ಊಟದ ಮೇಜಿನಲ್ಲಿ ಘೋಷಿಸಿದರು.

“ಯಾವ ಡ್ರೈವರ್? ಕುಡಿದಿದ್ನಾ?” ಎಂದರು ಮಾವ, ಮೂಲೆಯಿಂದ.

“ಗ್ರಾಫಿಕ್ಸ್ ಡ್ರೈವರ್ ರೀ! ದೊಡ್ಡ ಚಿಪ್ ಮಲಗಿರುತ್ತೆ, ಅದನ್ನ ಎಬ್ಬಿಸೋಕೆ ಹೋದಾಗ ಬೀಳ್ತಿದೆ.”

ಮಾವ ತುತ್ತು ನುಂಗಿ ಯೋಚಿಸಿದರು. “ಮಲಗಿದ್ದವರನ್ನ ಎಬ್ಬಿಸಿದ್ರೆ ಯಾರಿಗಾದ್ರೂ ಕೋಪ ಬರುತ್ತೆ ಬಿಡು,” ಎಂದರು. ಅದು ಅವರ ಸ್ವಂತ ಅನುಭವದ ಮಾತು. ಅತ್ತೆ ನೋಡಿದ ನೋಟಕ್ಕೆ ಮಾವ ಉಳಿದ ಊಟವನ್ನು ತಲೆ ಎತ್ತದೆ ಮುಗಿಸಿದರು.

ಈ ವಿಷಯ ಮನೆಯ ಹೊಸ್ತಿಲು ದಾಟಕೂಡದು ಎಂದು ನನಗೂ ಮಾವನಿಗೂ ತಾಕೀತಾಯಿತು. ಕೈಕೊಡುವುದೇ ಇಲ್ಲ ಎಂದು ಊರಿಗೆಲ್ಲ ಸಾರಿ ಬಂದವರ ಮಾನದ ಪ್ರಶ್ನೆ. ನಾವು ಬಾಯಿಗೆ ಬೀಗ ಹಾಕಿಕೊಂಡೆವು. ಅತ್ತೆ ಮಾತ್ರ ಹಾಕಿಕೊಳ್ಳಲಿಲ್ಲ. ಆ ಡ್ರೈವರನ್ನು ಬರೆದವರು ದೂರು ಕೇಳಲೆಂದೇ ಇಂಟರ್‌ನೆಟ್ಟಿನಲ್ಲಿ ತೆರೆದಿಟ್ಟ ಜಾಗಕ್ಕೆ ಹೋಗಿ, ಪ್ರಪಂಚದ ಯಾವ್ಯಾವುದೋ ಮೂಲೆಯಲ್ಲಿ ಬಿಡುವಿನ ಹೊತ್ತಿನಲ್ಲಿ ಪುಕ್ಕಟೆ ದುಡಿಯುವ ಆ ಜನಕ್ಕೆ ಒಂದು ಆಕ್ಷೇಪಣಾ ಪತ್ರ ಬರೆದರು. ಬರೆದದ್ದು ಇಂಗ್ಲಿಷಿನಲ್ಲಿ, ಬೆನ್ನುಮೂಳೆ ಮಾತ್ರ ಅವರ ಇಲಾಖೆಯದು. ನನಗೆ ಓದಿ ಹೇಳಿದ್ದನ್ನು ನೆನಪಿದ್ದಷ್ಟು ಕೊಡುತ್ತೇನೆ:

“ಹೊರಗಿನ ಮಾನಿಟರ್ ಜೋಡಿಸಿದ ಕೂಡಲೇ ಡ್ರೈವರ್ ಕುಸಿಯುತ್ತಿರುವುದು ಪರಿಶೋಧನೆಯ ವೇಳೆ ಕಂಡುಬಂದಿರುತ್ತದೆ. ಹಿಂದಿನ ಆವೃತ್ತಿಯಲ್ಲಿ ಸದರಿ ಲೋಪ ಇರಲಿಲ್ಲ. ಬದಲಾವಣೆಗೆ ಒಪ್ಪಿಗೆ ಕೊಟ್ಟವರು ಯಾರು, ಒಪ್ಪಿಗೆಗೆ ಮೊದಲು ಯಾವ ಪರೀಕ್ಷೆ ನಡೆಸಲಾಯಿತು ಎಂಬುದಕ್ಕೆ ಏಳು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು. ತಪ್ಪಿದಲ್ಲಿ ಮೇಲಿನವರ ಗಮನಕ್ಕೆ ತರಲಾಗುವುದು.”

“ಮೇಲಿನವರು ಅಂದ್ರೆ ಯಾರು ಅತ್ತೆ?” ಎಂದೆ.

“ಯಾರಾದ್ರೂ ಇದ್ದೇ ಇರ್ತಾರೆ,” ಎಂದರು.

ಮೊದಲ ಉತ್ತರ ಒಂದು ಸಾಲಿನದು. ಹೊಸ ಕರ್ನಲ್ ಹಾಕಿ ನೋಡಿದಿರಾ? ಕರ್ನಲ್ ಎಂದರೆ ಲಿನಕ್ಸಿನ ತಿರುಳು. ಡ್ರೈವರುಗಳೆಲ್ಲ ಅದರ ಜೊತೆಗೇ ಬರುತ್ತವೆ. ಅತ್ತೆ ಹೊಸದನ್ನು ಹಾಕಿ ನೋಡಿ, ಅದರಲ್ಲೂ ಬೀಳುತ್ತದೆ ಎಂದು ದೀರ್ಘ ಪತ್ರ ಬರೆದರು. ಇನ್ನೊಬ್ಬ ಬಂದು ‘ಮಾಹಿತಿ ಸಾಲದು’ ಎಂದು ಒಂದು ಚೀಟಿ ಅಂಟಿಸಿ ಹೋದ. ಮೂರನೆಯವನು ‘ನನ್ನಲ್ಲಿ ಸರಿಯಾಗಿದೆ’ ಎಂದ. ಅತ್ತೆ ಎಲ್ಲರಿಗೂ ಪ್ಯಾರಾ ಪ್ಯಾರಾ ಉತ್ತರ ಕೊಟ್ಟರು. ಯಾರೋ ಒಬ್ಬರು, ನಾವಿಲ್ಲಿ ಬಿಡುವಿನಲ್ಲಿ ಕೆಲಸ ಮಾಡುವವರು, ದಯವಿಟ್ಟು ಮಾತಿನ ಧಾಟಿ ಸ್ವಲ್ಪ ನೋಡಿಕೊಳ್ಳಿ ಎಂದು ಬರೆದರು. ಅದಕ್ಕೂ ಉತ್ತರ ಹೋಯಿತು. ಆಮೇಲೆ ಆ ಕಡೆ ಸದ್ದಿಲ್ಲ. ಸದ್ದಿಲ್ಲದೆ ಕೆಲವು ವಾರ ಕಳೆದ ಮೇಲೆ, ಚಟುವಟಿಕೆ ಇಲ್ಲದ ಕಾರಣ ದೂರನ್ನು ಮುಚ್ಚಲಾಗಿದೆ ಎಂದು ಬಂತು.

ಅತ್ತೆ ನನ್ನನ್ನು ಮೇಲೆ ಕರೆಸಿಕೊಂಡರು. ಪರದೆಯ ಕಡೆ ಬೆರಳು ತೋರಿಸಿದರು.

“ನನ್ನ ಫೈಲ್ ಮುಚ್ಚೋಕೆ ಅವನ್ಯಾರು?”

“ಅವನಲ್ಲ ಅತ್ತೆ, ಅದು. ಸ್ವಲ್ಪ ದಿನ ಯಾರೂ ಮಾತಾಡದೆ ಇದ್ರೆ ತಾನಾಗೇ ಮುಚ್ಚೋ ಯಂತ್ರ.”

ಅತ್ತೆ ಕುರ್ಚಿಗೆ ಒರಗಿದರು. “ನಮ್ಮ ಕಾಲದಲ್ಲಿ ಇದನ್ನ ಮಾಡೋಕೆ ಮನುಷ್ಯರೇ ಬೇಕಿತ್ತು,” ಎಂದರು.

ಆ ಹೊತ್ತಿಗೆ ನಮ್ಮ ಕಟ್ಟಡದ ನಿವಾಸಿಗಳ ಸಂಘದ ಸಭೆ ಬಂತು. ಸಂಘದ ಕಾರ್ಯದರ್ಶಿ ಹಲ್ಲಿನ ಡಾಕ್ಟರು. ಎದುರಿನವರ ಬಾಯಿ ಅಗಲವಾಗಿ ತೆರೆದಿದ್ದರೂ ಮಾತು ಹೊರಡದ ಸ್ಥಿತಿಯಲ್ಲೇ ಜನರನ್ನು ನೋಡಿ ಅಭ್ಯಾಸವಾದ್ದರಿಂದ ಅವರ ಭಾಷಣಗಳು ಉದ್ದ. ಸಂಘದ ಕಚೇರಿಯ ಕಂಪ್ಯೂಟರನ್ನೂ ಲಿನಕ್ಸಿಗೆ ಬದಲಾಯಿಸಬೇಕೆಂದು ಅತ್ತೆ ಮೊದಲೇ ಅರ್ಜಿ ಕೊಟ್ಟಿದ್ದರು. ಅದನ್ನು ಕೆಳಗಿನ ಹಾಲ್‌ನಲ್ಲಿ ಪ್ರೊಜೆಕ್ಟರ್ ಹಾಕಿ ಎಲ್ಲರಿಗೂ ತೋರಿಸಿ ವಿವರಿಸಬೇಕಿತ್ತು.

ಮಾವ ಭಯಭಕ್ತಿಯಿಂದ ಒಂದು ಸಲಹೆ ಕೊಟ್ಟರು. “ಹಳೇ ಕರ್ನಲ್‌ನಲ್ಲಿ ಸರಿಯಾಗಿ ಬರ್ತಿತ್ತಲ್ಲ? ಅದೊಂದಿನ ಅದನ್ನೇ ಹಾಕ್ಕೊಂಡು ಹೋಗು.”

“ಹಳೇದನ್ನ ತೋರಿಸಿ ಹೊಸದು ಅಂತ ನಂಬಿಸೋದಾ? ಅದನ್ನ ಸುಳ್ಳು ಲೆಕ್ಕ ಅಂತಾರೆ.”

ಸಭೆಯ ದಿನ ಬೆಳಗ್ಗೆ ಏನೋ ಅಪ್‌ಡೇಟ್ ಬಂತು. ಅತ್ತೆ ಕೇಬಲ್ ಸಿಕ್ಕಿಸಿ ನೋಡಿದಾಗ ಚಿತ್ರ ನೆಟ್ಟಗೆ ಬಂದಿತ್ತು. ಸರಿಹೋಯಿತು ಎಂದುಕೊಂಡರು. ದೊಡ್ಡ ಚಿಪ್ಪು ಆಗ ಯಾವುದೋ ಕಾರಣಕ್ಕೆ ಎಚ್ಚರವಾಗಿದ್ದಿರಬೇಕು. ಹಾಲ್‌ಗೆ ಹೋಗಿ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟರು. ಅಷ್ಟರಲ್ಲಿ ಡಾಕ್ಟರು ಸ್ವಾಗತ ಭಾಷಣಕ್ಕೆ ಎದ್ದರು. ಅವರು ನೀರಿನ ಟ್ಯಾಂಕಿನಿಂದ ಶುರು ಮಾಡಿ, ಕಾಂಪೌಂಡ್ ಗೋಡೆಯ ಮೇಲೆ ಹಾಯ್ದು, ನಾಗರಿಕ ಪ್ರಜ್ಞೆಯನ್ನು ತಲುಪುವಷ್ಟರಲ್ಲಿ ಅರ್ಧ ಸಭೆ ತೂಕಡಿಸುತ್ತಿತ್ತು. ಅದರ ಜೊತೆಗೆ ದೊಡ್ಡ ಚಿಪ್ಪೂ ಮಲಗಿತು.

ಅತ್ತೆ ಎದ್ದು ನಿಂತು, “ಇದರ ವಿಶೇಷ ಏನಂದ್ರೆ, ಇದು ಕೈಕೊಡೋದೇ ಇಲ್ಲ,” ಎಂದು ಹೇಳಿ ಪ್ರೊಜೆಕ್ಟರಿನ ಕೇಬಲ್ ಸಿಕ್ಕಿಸಿದರು.

ಗೋಡೆಯ ಮೇಲೆ ಒಂದು ಮಿಂಚು ಬಂದು ಹೋಯಿತು. ಲ್ಯಾಪ್‌ಟಾಪು ಕಪ್ಪಾಯಿತು. ಫ್ಯಾನು ಹೋ ಎಂದಿತು. ನನ್ನ ಪಕ್ಕದಲ್ಲಿದ್ದ ಮಾವ ಕಣ್ಣು ಮುಚ್ಚಿಕೊಂಡರು. ಪಾಸ್‌ವರ್ಡ್ ಕೇಳುವ ಪರದೆ ಬಂತು, ಅತ್ತೆ ಕೊಟ್ಟರು, ಮತ್ತೆ ಕಪ್ಪು. ತೂಕಡಿಸುತ್ತಿದ್ದವರೂ ಎದ್ದು ಕೂತಿದ್ದರು.

ಅತ್ತೆ ತಲೆ ಎತ್ತಿದರು. “ಪ್ರೊಜೆಕ್ಟರ್ ಸರಿ ಇಲ್ಲ,” ಎಂದರು.

“ಈಗಷ್ಟೇ ನನ್ನ ಲ್ಯಾಪ್‌ಟಾಪಿಗೆ ಬರ್ತಿತ್ತಲ್ಲ ಮೇಡಂ,” ಎಂದರು ಡಾಕ್ಟರು ಮೆಲ್ಲಗೆ.

“ಇದನ್ನ ಕೊಂಡಾಗ ಪರೀಕ್ಷೆ ಮಾಡಿ ನೋಡಿದ ದಾಖಲೆ ಇದೆಯಾ?”

ಡಾಕ್ಟರು ಸುಮ್ಮನಾದರು. ಅವರು ಸುಮ್ಮನಾದದ್ದು ಯಾಕೆಂದು ಅಲ್ಲಿದ್ದವರಿಗೆಲ್ಲ ಗೊತ್ತು. ಅವರು ತಮ್ಮ ಬಾಲ್ಕನಿಯನ್ನು ಒಳಗೆ ಸೇರಿಸಿಕೊಂಡು ಕೋಣೆ ಮಾಡಿಕೊಂಡಿದ್ದರು. ಮುಂದಿನ ಸಾಲಿನವರು ಇನ್ನೊಬ್ಬರ ಜಾಗದಲ್ಲಿ ಕಾರು ನಿಲ್ಲಿಸುತ್ತಿದ್ದರು. ಹಿಂದಿನ ಸಾಲಿನವರು ಮಹಡಿಯ ಮೇಲೆ ಯಾರಿಗೂ ಹೇಳದೆ ಒಂದು ನೀರಿನ ಪೈಪು ಎಳೆದುಕೊಂಡಿದ್ದರು. ಅತ್ತೆಗೆ ಎಲ್ಲವೂ ಗೊತ್ತು, ಅತ್ತೆಗೆ ಗೊತ್ತು ಎಂಬುದು ಎಲ್ಲರಿಗೂ ಗೊತ್ತು. ಅಂಥವರ ಎದುರು ನಿಂತು, ತಾಯೀ, ಕೆಟ್ಟಿರುವುದು ನಿಮ್ಮ ಲ್ಯಾಪ್‌ಟಾಪು ಎಂದು ಹೇಳುವ ಗಂಡೆದೆ ಆ ಹಾಲ್‌ನಲ್ಲಿ ಯಾರಿಗೂ ಇರಲಿಲ್ಲ. ಪ್ರೊಜೆಕ್ಟರ್ ಹಳತಾಗಿದೆ ಎಂದು ಒಬ್ಬರು ಶುರು ಮಾಡಿದರು. ತಮಗೆ ಮೊದಲಿನಿಂದಲೂ ಅದರ ಮೇಲೆ ಅನುಮಾನವಿತ್ತು ಎಂದು ಇನ್ನೊಬ್ಬರು ಹೇಳಿದರು. ಕೈಗಳು ಮೇಲೆದ್ದವು. ಹೊಸ ಪ್ರೊಜೆಕ್ಟರ್ ತರುವುದೆಂದು ಸರ್ವಾನುಮತದ ತೀರ್ಮಾನವಾಯಿತು. ಮಾವನೂ ಕೈ ಎತ್ತಿದ್ದರು.

ಹೊಸ ಪ್ರೊಜೆಕ್ಟರ್ ಬಂತು. ಅತ್ತೆಯನ್ನೇ ಕರೆದು ಕೇಬಲ್ ಸಿಕ್ಕಿಸಿ ಎಂದರು. ಸಿಕ್ಕಿಸಿದರು. ಕಪ್ಪು.

ಇಷ್ಟರಲ್ಲಿ ಅತ್ತೆ ಒಪ್ಪಿಕೊಳ್ಳಬಹುದಿತ್ತು. ಒಪ್ಪಿಕೊಳ್ಳುವುದು ಅವರ ಅಭ್ಯಾಸದಲ್ಲಿ ಇರಲಿಲ್ಲ. “ಹಾಗಾದ್ರೆ ಹಾಲ್‌ನ ವೈರಿಂಗ್ ನೋಡಿಸಬೇಕು,” ಎಂದರು. ಡಾಕ್ಟರ ಮುಖ ಹರಳೆಣ್ಣೆ ಕುಡಿದವರ ಹಾಗಾಯಿತು.

ಎಲೆಕ್ಟ್ರಿಷಿಯನ್ ಬಂದು ಎಲ್ಲ ಸ್ವಿಚ್ಚುಗಳಿಗೂ ಮೀಟರ್ ಹಿಡಿದು ನೋಡಿದ. “ವೈರಿಂಗ್ ಚೆನ್ನಾಗಿದೆಯಲ್ಲಾ ಸಾರ್,” ಎಂದ.

ಡಾಕ್ಟರು ಅವನನ್ನು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದರು. “ಚೆನ್ನಾಗಿಲ್ಲ ಅಂತ ಹೇಳಪ್ಪ,” ಎಂದರು. “ನಿನಗೇನು ನಷ್ಟ? ಕೆಲಸ ಸಿಗುತ್ತೆ, ನಮಗೆ ನೆಮ್ಮದಿ ಸಿಗುತ್ತೆ.”

ಅವನು ವಾಪಸ್ ಬಂದು ಗೋಡೆಗೆ ಕಿವಿಕೊಟ್ಟು, ತಲೆ ಆಡಿಸಿ, ಪೂರಾ ಹಾಳಾಗಿದೆ ಎಂದು ಘೋಷಿಸಿದ. ಗೋಡೆ ಅಗೆದರು. ಹಾಲ್‌ನ ಮೂರು ಕಡೆ ಉದ್ದಕ್ಕೂ ಕಾಲುವೆ ಬಿತ್ತು. ಅರ್ಥಿಂಗ್‌ಗೆಂದು ಹೂವಿನ ಪಾತಿಯ ಪಕ್ಕದಲ್ಲಿ ಆಳವಾದ ಗುಂಡಿ ತೋಡಿದರು. ಧೂಳು ಮೂರನೇ ಮಹಡಿಯವರೆಗೂ ಏರಿತು. ಹಾಲ್‌ನಲ್ಲಿ ಟೇಬಲ್ ಟೆನಿಸ್ ಆಡುತ್ತಿದ್ದ ಹೆಂಗಸರು ಆಟ ನಿಲ್ಲಿಸಿ ಸಂಜೆ ಗೇಟಿನ ಬಳಿ ಕೂತು, ಸೀನುತ್ತಾ, ಅತ್ತೆಯನ್ನು ಬೈಯುತ್ತಿದ್ದರು. ಅತ್ತೆ ಬಂದರೆ, “ಈಗ ಸರಿಹೋಗುತ್ತೆ ಅಲ್ವಾ ಮೇಡಂ?” ಎಂದು ನಗುತ್ತಿದ್ದರು.

ಮೇಲೆ ಅತ್ತೆಯ ಮನೆಯಲ್ಲಿ ಬೇರೆಯೇ ನಡೆದಿತ್ತು. ಮುಚ್ಚಿದ್ದ ಫೈಲನ್ನು ಡ್ರೈವರ್ ಬರೆದವರಲ್ಲೊಬ್ಬ ತಾನಾಗಿ ಮತ್ತೆ ತೆರೆದಿದ್ದ. ಸೌಜನ್ಯದಿಂದ ಬರೆದಿದ್ದ: ಇಷ್ಟು ವಿವರವಾದ ದೂರು ನನಗೆ ಅಪರೂಪಕ್ಕೆ ಸಿಗುತ್ತದೆ, ಧಾಟಿಯ ವಿಷಯ ಬಿಡಿ, ನಿಮಗೆ ತಾಳ್ಮೆಯಿದ್ದರೆ ತಪ್ಪು ಯಾವ ಬದಲಾವಣೆಯಿಂದ ಬಂತೆಂದು ನೀವೇ ಹುಡುಕಿಕೊಡಬಲ್ಲಿರಾ? ನನ್ನ ಬಳಿ ಆ ಲ್ಯಾಪ್‌ಟಾಪ್ ಇಲ್ಲ.

ತಾಳ್ಮೆಯಿದೆಯೇ ಎಂದು ಅತ್ತೆಯನ್ನು ಕೇಳಿದ್ದ, ಪುಣ್ಯಾತ್ಮ.

“ನೋಡು, ಸರಿಯಿದ್ದ ಕರ್ನಲ್ ಒಂದು, ಕೆಟ್ಟ ಕರ್ನಲ್ ಒಂದು. ನಡುವೆ ಸಾವಿರಾರು ಬದಲಾವಣೆ,” ಎಂದು ನನಗೆ ವಿವರಿಸಿದರು. “ಸರಿಯಾಗಿ ನಡುವಿನದನ್ನ ತಗೊಂಡು ಕಟ್ಟಿ ನೋಡಬೇಕು. ಅದರಲ್ಲಿ ಸರಿಯಿದ್ರೆ ತಪ್ಪು ಆಮೇಲಿನ ಅರ್ಧದಲ್ಲಿದೆ. ಅದನ್ನ ಮತ್ತೆ ಅರ್ಧ ಮಾಡು. ಮತ್ತೆ ಅರ್ಧ. ಕೊನೆಗೆ ಒಂದೇ ಉಳಿಯುತ್ತೆ. ನಾನು ಬದುಕಿಡೀ ಮಾಡಿದ್ದು ಇದೇ ಕೆಲಸ ಕಣೆ!”

ಒಂದೊಂದು ಕರ್ನಲ್ ಕಟ್ಟಲು, ಅಂದರೆ ಅದರ ಬರವಣಿಗೆಯಿಂದ ಓಡುವ ತಂತ್ರಾಂಶ ತಯಾರಿಸಲು, ಲ್ಯಾಪ್‌ಟಾಪಿಗೆ ಗಂಟೆಗಟ್ಟಲೆ ಬೇಕು. ಅದು ಊಟದ ಮೇಜಿನ ಮೇಲೆ ಕೂತು ದಿನವಿಡೀ ಗುಂಯ್‌ಗುಡುತ್ತಿತ್ತು. ಅದರ ಪಕ್ಕದಿಂದ ಬರುವ ಬಿಸಿಗಾಳಿಗೆ ಮಾವ ತಮ್ಮ ಕಾಲುಚೀಲ ಒಣಗಿಸಿಕೊಳ್ಳುತ್ತಿದ್ದರು. ನಿವೃತ್ತಿಯಾದಂದಿನಿಂದ ಅಷ್ಟು ನೆಮ್ಮದಿಯ ದಿನಗಳನ್ನು ಕಂಡಿರಲಿಲ್ಲವೆಂದು ಮಾವ ಈಗಲೂ ಹೇಳುತ್ತಾರೆ. ಚಪ್ಪಲಿಯ ಕೋನವನ್ನು ಯಾರೂ ನೋಡುತ್ತಿರಲಿಲ್ಲ. ನಮ್ಮ ಸೋಫಾದ ಮೇಲೆ ಬಂದು ಕೂರುವುದನ್ನೂ ಅವರು ಬಿಟ್ಟರು.

ಅತ್ತೆ ಕೊನೆಗೂ ಹಿಡಿದರು. ಯಾರೋ ಒಬ್ಬರು ವಿದ್ಯುತ್ ಉಳಿಸುವ ಹುಮ್ಮಸ್ಸಿನಲ್ಲಿ, ದೊಡ್ಡ ಚಿಪ್ಪು ಬೇಗ ಮಲಗಲಿ ಎಂದು ಏನನ್ನೋ ಬದಲಾಯಿಸಿದ್ದರು. ಅದು ಮಲಗುವ ತರಾತುರಿಯಲ್ಲಿ, ಕೇಬಲ್ ಬಂದರೆ ನನ್ನನ್ನು ಎಬ್ಬಿಸಿ ಎಂದು ಹೇಳಿ ಮಲಗುವುದನ್ನು ಮರೆಯುತ್ತಿತ್ತು. ಅತ್ತೆ ಆ ಬದಲಾವಣೆಯ ಗುರುತನ್ನು ಕಳಿಸಿದರು. ಉತ್ತರ ಬಂದದ್ದು ಮರುದಿನವೇ. ತಿದ್ದುಪಡಿಯ ಸಮೇತ ಬಂದಿತ್ತು. ಹಾಕಿ ನೋಡಿದರು. ಕೇಬಲ್ ಸಿಕ್ಕಿಸಿದರೆ ಚಿತ್ರ ಬಂತು. ಕಿತ್ತು ಸಿಕ್ಕಿಸಿದರೂ ಬಂತು. ಚಿಪ್ಪನ್ನು ಚೆನ್ನಾಗಿ ಮಲಗಲು ಬಿಟ್ಟು, ಮಾವನ ಕೈಯಲ್ಲಿ ಕೇಬಲ್ ಕೊಟ್ಟು ಸಿಕ್ಕಿಸಿ ಎಂದರು. ಮಾವ ಸಿಕ್ಕಿಸಿದರೂ ಬಂತು.

ಕೆಲವು ದಿನಗಳ ಮೇಲೆ ಅತ್ತೆ ಫೋನ್ ಮಾಡಿ, “ಬೇಗ ಬಾ ಮೇಲೆ,” ಎಂದರು. ಯಾರಿಗೋ ಏನೋ ಆಯಿತೆಂದು ನಾನು ಒದ್ದೆ ಕೈಯಲ್ಲೇ ಓಡಿದೆ. ದೊಡ್ಡ ಮಾನಿಟರಿನಲ್ಲಿ ಆ ತಿದ್ದುಪಡಿ ತೆರೆದಿತ್ತು. ಕರ್ನಲ್ಲಿನ ಅಧಿಕೃತ ಪ್ರತಿಗೆ ಸೇರಿಯಾಗಿತ್ತು. ಅದರ ಕೊನೆಯಲ್ಲಿ, ‘ವರದಿ ಮಾಡಿದವರು’ ಎಂಬ ಮಾತಿನ ಮುಂದೆ, ಅತ್ತೆಯ ಪೂರ್ತಿ ಹೆಸರು.

“ಸರಿಪಡಿಸಿದಾರೆ ಕಣೆ,” ಎಂದರು. “ನಾನು ತಪ್ಪಿದೆ ಅಂದೆ. ಅವರು ಸರಿಪಡಿಸಿದಾರೆ.”

ಇದರಲ್ಲಿ ಅಂಥ ಆಶ್ಚರ್ಯವೇನು ಎಂದು ಬೇರೆ ಯಾರಾದರೂ ಕೇಳಬಹುದಿತ್ತು. ನಾನು ಕೇಳಲಿಲ್ಲ. ಮಾವನೂ ಕೇಳಲಿಲ್ಲ.

“ಇದನ್ನ ಯಾರು ಬೇಕಾದ್ರೂ ನೋಡಬಹುದಾ?”

“ಹೂಂ ಅತ್ತೆ. ಪ್ರಪಂಚದಲ್ಲಿ ಯಾರು ಬೇಕಾದ್ರೂ.”

“ನಮ್ಮ ಇಲಾಖೆಯ ಹಳೇ ನಿರ್ದೇಶಕರು?”

“ಅವರೂ ನೋಡಬಹುದು.”

ಅತ್ತೆ ಅದನ್ನು ಇನ್ನೊಮ್ಮೆ ಮೊದಲಿಂದ ಓದಿದರು. ಓದಿ, “ಎರಡನೇ ಸಾಲಲ್ಲಿ ಒಂದು ಅಲ್ಪವಿರಾಮ ಬಿಟ್ಟುಹೋಗಿದೆ,” ಎಂದರು. ಹೇಳಿದ್ದು ಮಾತ್ರ ಬಹಳ ಮೃದುವಾಗಿ.

ಅಷ್ಟು ಹೊತ್ತಿಗೆ ಹಾಲ್‌ನ ಗೋಡೆಗಳಿಗೆ ಹೊಸ ವೈರು ಎಳೆದು, ಗಾರೆ ಮೆತ್ತಿ, ಬಣ್ಣ ಹೊಡೆದಾಗಿತ್ತು. ಡಾಕ್ಟರು ಸಭೆ ಕರೆದರು. ಅತ್ತೆ ಲ್ಯಾಪ್‌ಟಾಪ್ ತಂದು ಕೇಬಲ್ ಸಿಕ್ಕಿಸಿದರು. ಗೋಡೆಯ ಮೇಲೆ ಚಿತ್ರ ಮೂಡಿತು.

ಡಾಕ್ಟರು ಕುರ್ಚಿಯಿಂದ ಹಾರಿ ಎದ್ದರು. “ನೋಡಿದ್ರಾ! ವೈರಿಂಗೇ ಆಗಿತ್ತು!”

ಜೋರಾಗಿ ಚಪ್ಪಾಳೆ ಬಿತ್ತು. ಟೇಬಲ್ ಟೆನಿಸ್ ಹೆಂಗಸರಂತೂ ನಿಂತು ತಟ್ಟಿದರು. ಎಲೆಕ್ಟ್ರಿಷಿಯನ್ ಹಿಂದಿನ ಬಾಗಿಲಲ್ಲಿ ನಿಂತು ವಿನಯದಿಂದ ತಲೆಬಾಗಿದ. ಎಲ್ಲರೂ ಗೆದ್ದಿದ್ದರು. ಅತ್ತೆ ಒಂದು ಮುಗುಳ್ನಗೆ ನಕ್ಕು ಕೂತಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಒಂದು ತಪ್ಪು ತೀರ್ಮಾನ ಕಣ್ಣೆದುರೇ ನಡಾವಳಿಗೆ ಸೇರುವುದನ್ನು ಈ ಹೆಂಗಸು ನೋಡಿಕೊಂಡು ಇರಲಾರಳು ಎಂದು ನನಗೆ ಗೊತ್ತಿತ್ತು.

“ವೈರಿಂಗ್ ಸರಿಯಾಗೇ ಇತ್ತು,” ಎಂದರು ಅತ್ತೆ.

ಚಪ್ಪಾಳೆ ಅರ್ಧಕ್ಕೆ ನಿಂತಿತು.

“ಹಳೇ ಪ್ರೊಜೆಕ್ಟರೂ ಸರಿಯಾಗೇ ಇತ್ತು. ತಪ್ಪು ಇದ್ದಿದ್ದು ನನ್ನ ಲ್ಯಾಪ್‌ಟಾಪಿನ ಡ್ರೈವರ್‌ನಲ್ಲಿ. ಅದನ್ನ ಈಗ ಸರಿಪಡಿಸಿದಾರೆ.”

ಜನ ಕಾದರು. ಇನ್ನೊಂದು ವಾಕ್ಯ ಬರುತ್ತದೆ, ಕ್ಷಮಿಸಿ ಎಂಬ ಪದ ಬರುತ್ತದೆ ಎಂದು ಡಾಕ್ಟರು ಮುಂದಕ್ಕೆ ಬಾಗಿ ಕೂತಿದ್ದರು. ಅತ್ತೆ ಚೀಲಕ್ಕೆ ಕೈಹಾಕಿ ಒಂದು ಹಾಳೆ ತೆಗೆದು ಅವರ ಮುಂದಿಟ್ಟರು.

“ಇದು ಸಮಿತಿಯ ಮೇಲೆ ನನ್ನ ಆಕ್ಷೇಪಣೆ. ಒಬ್ಬ ಸದಸ್ಯರು ಬಾಯಿಮಾತಿನಲ್ಲಿ ಹೇಳಿದ್ದನ್ನ ನಂಬಿ, ಸ್ವತಂತ್ರವಾಗಿ ಪರಿಶೀಲನೆ ಮಾಡದೆ, ಪ್ರೊಜೆಕ್ಟರ್ ಬದಲಾಯಿಸಿದೀರಿ, ಗೋಡೆ ಅಗೆಸಿದೀರಿ. ಯಾಕೆ?”

ಡಾಕ್ಟರ ಬಾಯಿ ಅಗಲವಾಗಿ ತೆರೆದಿತ್ತು. ಮಾತು ಹೊರಡುತ್ತಿರಲಿಲ್ಲ. ಕೊನೆಗೆ ಕಷ್ಟಪಟ್ಟು, “ಆ ಸದಸ್ಯರು... ನೀವೇ ಅಲ್ವಾ ಮೇಡಂ?” ಎಂದರು.

“ಹೌದು, ನಾನೇ. ಹೆಸರು ಹಾಕಿದೀನಿ ನೋಡಿ, ಎರಡನೇ ಪ್ಯಾರಾದಲ್ಲಿ. ಆ ಸದಸ್ಯರಿಗೆ ಎಚ್ಚರಿಕೆ ಕೊಡಬೇಕು ಅಂತಲೂ ಬರೆದಿದೀನಿ. ಅವರು ಹೇಳಿದ್ದು ತಪ್ಪು. ಆದ್ರೆ ನೀವೆಲ್ಲ ಸೇರಿ ಕೈ ಎತ್ತಿದ್ರಲ್ಲ, ನಿಮ್ಮಲ್ಲಿ ಒಬ್ಬರಿಗಾದ್ರೂ ಅನುಮಾನ ಬರಲಿಲ್ವಾ?”

ಎಲ್ಲರಿಗೂ ಬಂದಿತ್ತು. ಹಾಗೆಂದು ಹೇಳಿದರೆ, ಬಂದಿದ್ದರೂ ಕೈ ಎತ್ತಿದ್ದು ಯಾಕೆ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರ ಕೊಡಲು ಹೋದರೆ ಬಾಲ್ಕನಿ, ಪೈಪು, ಕಾರು ಎಲ್ಲ ಹೊರಗೆ ಬರುತ್ತವೆ. ಹಾಗಾಗಿ ಎಲ್ಲರೂ ಹೊಸ ಬಣ್ಣದ ಗೋಡೆಯನ್ನು ನೋಡುತ್ತಾ ಕೂತರು. ಮಾವ ಮೆಲ್ಲಗೆ ನನ್ನ ಕಿವಿಯಲ್ಲಿ, “ನನಗೆ ಬಂದಿತ್ತಮ್ಮ,” ಎಂದರು.

ಡಾಕ್ಟರು ಅದೇ ತಿಂಗಳು ಕ್ಲಿನಿಕ್ಕಿನಲ್ಲಿ ಕೆಲಸ ಹೆಚ್ಚಾಗಿದೆ ಎಂಬ ಕಾರಣ ಕೊಟ್ಟು ರಾಜೀನಾಮೆ ಕೊಟ್ಟರು. ಆ ಕುರ್ಚಿಯಲ್ಲಿ ಕೂರಲು ಯಾರೂ ಮುಂದೆ ಬರಲಿಲ್ಲ. ಅತ್ತೆಯನ್ನೇ ಕೂರಿಸಿದರೆ ಆಕ್ಷೇಪಣೆ ಬರೆಯುವವರು ಯಾರೂ ಉಳಿಯುವುದಿಲ್ಲ ಎಂದು ಯಾರಿಗೋ ಹೊಳೆಯಿತು. ಕೈಗಳು ಎದ್ದವು. ಅತ್ತೆ ಎದ್ದು ನಿಂತು, ಅಭ್ಯರ್ಥಿಯ ಅರ್ಹತೆಯನ್ನು ನೀವು ಪರಿಶೀಲಿಸಿದ್ದೀರಾ ಎಂದು ಕೇಳಿದರು. ಪರಿಶೀಲಿಸಿದ್ದೇವೆ ಎಂದು ಇಡೀ ಸಭೆ ಒಕ್ಕೊರಲಿನಿಂದ ಸುಳ್ಳು ಹೇಳಿತು.

ಮೊನ್ನೆ ಡಾಕ್ಟರು ಅತ್ತೆಯ ಮನೆ ಬಾಗಿಲಿಗೆ ಬಂದಿದ್ದರು. ರೋಗಿಗಳಿಗೆ ಅವರ ಹಲ್ಲಿನ ಎಕ್ಸ್‌ರೇ ತೋರಿಸಲು ಕ್ಲಿನಿಕ್ಕಿನಲ್ಲಿ ಇಟ್ಟಿರುವ ಪರದೆ ನಡುನಡುವೆ ಕಪ್ಪಾಗುತ್ತದಂತೆ. ಅಂಗಡಿಯವನು ಬಂದು ನೋಡಿ, ಏನೂ ಆಗಿಲ್ಲ, ಹಾಗೇ ಆಗುತ್ತಿರುತ್ತದೆ ಎಂದು ಹೇಳಿ ಹೋದನಂತೆ. ಅತ್ತೆ ಅವರ ಮಾತು ಮುಗಿಯುವುದಕ್ಕೂ ಕಾಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಕೇಬಲ್ಲುಗಳ ಚೀಲ ಹೆಗಲಿಗೇರಿಸಿಕೊಂಡು ಹೊರಟೇಬಿಟ್ಟರು. ಮಧ್ಯಾಹ್ನ ನಾನು ಆ ಕಡೆ ಹೋದಾಗ ಕ್ಲಿನಿಕ್ಕಿನ ಹೊರಗೆ ದವಡೆ ಹಿಡಿದುಕೊಂಡ ಜನ ಸಾಲಾಗಿ ಕೂತಿದ್ದರು. ಒಳಗೆ ರೋಗಿಯ ಕುರ್ಚಿಯಲ್ಲಿ ಅತ್ತೆ ಒರಗಿ ಕೂತು, ತೊಡೆಯ ಮೇಲೆ ಕೀಬೋರ್ಡ್ ಇಟ್ಟುಕೊಂಡು ಲಾಗ್ ಓದುತ್ತಿದ್ದರು. ಡಾಕ್ಟರು ಪಕ್ಕದಲ್ಲಿ ನಿಂತು, ಅವರಿಗೆ ಕೀಬೋರ್ಡಿನ ಅಕ್ಷರ ಕಾಣಲೆಂದು ಹಲ್ಲು ನೋಡುವ ದೀಪವನ್ನು ಹಿಡಿದಿದ್ದರು.